ಅಡುಗೆಮನೆಯ ನೋಟ್‌ಬುಕ್ಕು, ಮೆಲ್ಬರ್ನಿನ ಹೋಮ್ ಲೋನು

ನಮ್ಮ ಅಡುಗೆಮನೆಯ ಕಟ್ಟೆ ಮೇಲೆ ಒಂದು ನೋಟ್‌ಬುಕ್ ಇದೆ. ನೀಲಿ ರಟ್ಟು, ಮೂಲೆಗಳು ಎಣ್ಣೆ ಕುಡಿದು ಕಪ್ಪಾಗಿವೆ. ನಾನು ಬೆಳಗಿನ ಶಿಫ್ಟಿಗೆ ಹೊರಡುವ ಹೊತ್ತಿಗೆ ನಮ್ಮವರು ಗೋಡೌನಿನ ರಾತ್ರಿ ಪಾಳಿ ಮುಗಿಸಿ ಇನ್ನೂ ದಾರಿಯಲ್ಲಿರುತ್ತಾರೆ. ಅವರು ಕೆಲಸಕ್ಕೆ ಹೊರಡುವಾಗ ನಾನು ಮಗಳನ್ನು ಮಲಗಿಸುತ್ತಿರುತ್ತೇನೆ. ನಡುವೆ ಮಗಳನ್ನು ಸ್ಕೂಲಿಗೆ ಬಿಡುವುದು ಅವರು, ಕರೆತರುವುದು ನಾನು. ಹೀಗಾಗಿ ಹೇಳಬೇಕಾದ್ದನ್ನೆಲ್ಲ ಆ ನೋಟ್‌ಬುಕ್ಕಿನಲ್ಲಿ ಬರೆದಿಡುವುದು ರೂಢಿಯಾಯಿತು.

2024ರ ಜುಲೈ. ಇಲ್ಲಿ ಆಗ ಚಳಿಗಾಲ. ಒಂದು ಸಂಜೆ ಯಾರದೋ ಫೋನ್ ನಂಬರ್ ಹುಡುಕಲು ಹಿಂದಿನ ಪುಟಗಳನ್ನು ತಿರುವಿದೆ. ಆರು ವಾರದಲ್ಲಿ ಗಂಡ ಹೆಂಡತಿ ಒಬ್ಬರಿಗೊಬ್ಬರು ಬರೆದಿದ್ದು ಇಷ್ಟೇ. "ಹಾಲು ಮುಗಿದಿದೆ." "ಈ ವಾರ ಹಳದಿ ಮುಚ್ಚಳದ ಬಿನ್." "ಪುಟ್ಟಿಗೆ ಕೆಮ್ಮು, ಸಿರಪ್ ಕೊಟ್ಟಿದೀನಿ." "ಹೀಟರ್ ಆಫ್ ಮಾಡಿದೀನಿ, ಹಾಕಬೇಡ." "ಕಂತು ಹೋಯ್ತು."

ನಾನು ಕೆಲಸ ಮಾಡುವುದು ವೃದ್ಧರನ್ನು ನೋಡಿಕೊಳ್ಳುವ ಒಂದು ಕೇಂದ್ರದಲ್ಲಿ. ಅಲ್ಲಿ ಶಿಫ್ಟ್ ಮುಗಿಸುವಾಗ ಮುಂದಿನವರಿಗೆ ಹ್ಯಾಂಡ್‌ಓವರ್ ಬರೆದಿಡಬೇಕು. ಯಾರು ಊಟ ಬಿಟ್ಟರು, ಯಾರಿಗೆ ನಿದ್ದೆ ಬರಲಿಲ್ಲ, ಯಾರು ಇವತ್ತು ಮಂಕಾಗಿದ್ದರು, ಎಲ್ಲಾ. ನನಗೆ ನೆಂಟರಲ್ಲದ ಒಬ್ಬ ಅಜ್ಜಿಯ ಬಗ್ಗೆ "ಇವತ್ತು ಕಿಟಕಿ ಹತ್ತಿರ ಕೂತು ತುಂಬಾ ಹೊತ್ತು ಮಾತಾಡಿದರು, ಖುಷಿಯಾಗಿದ್ದರು" ಅಂತ ಬರೆಯುತ್ತೇನೆ. ನಮ್ಮ ಮನೆಯ ಪುಸ್ತಕದಲ್ಲಿ ಅಷ್ಟೂ ಇರಲಿಲ್ಲ. ನನ್ನ ಗಂಡ ಹಗಲು ನಿದ್ದೆ ಮಾಡಿದರೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಕಂತು ಹೋಗಿದ್ದು ಮಾತ್ರ ಗೊತ್ತಿತ್ತು. ಆ ಪುಟ ಹಿಡಿದುಕೊಂಡು ಅಲ್ಲೇ ನಿಂತು ಅತ್ತೆ.

ಇಲ್ಲಿಗೆ ಹೇಗೆ ಬಂದು ನಿಂತೆವು ಅಂತ ಹೇಳಬೇಕು. ಊರಿಂದ ಫೋನ್ ಮಾಡಿದವರೆಲ್ಲ "ಸ್ವಂತ ಮನೆ ಆಯ್ತಲ್ಲ, ಇನ್ನೇನು ಚಿಂತೆ" ಅನ್ನುತ್ತಾರೆ. ಅವರಿಗೆ ಇದು ಗೊತ್ತಾಗಲಿ ಅಂತಲೇ ಬರೆಯುತ್ತಿದ್ದೇನೆ.

ನಾವು ಮನೆ ತಗೊಂಡಿದ್ದು 2021ರಲ್ಲಿ. ಆಗ ಆಸ್ಟ್ರೇಲಿಯಾದ ರಿಸರ್ವ್ ಬ್ಯಾಂಕಿನ ದರ 0.10% ಇತ್ತು. 2024ರವರೆಗೆ ಏರುವ ಸಂಭವ ಕಡಿಮೆ ಎಂದು ಅದರ ಗವರ್ನರೇ ಹೇಳುತ್ತಿದ್ದರು. ನಂಬಿದೆವು. ನಮ್ಮಂತೆ ಬಹಳ ಜನ ನಂಬಿದರು. 2022ರ ಮೇ ತಿಂಗಳಲ್ಲಿ ಏರಿಕೆ ಶುರುವಾಯಿತು. 2023ರ ನವೆಂಬರ್ ಹೊತ್ತಿಗೆ 13 ಸಲ ಏರಿ 4.35% ಆಗಿತ್ತು. ಬ್ಯಾಂಕುಗಳು ಆಗ ಗ್ರಾಹಕರಿಗೆ ಹಾಕುತ್ತಿದ್ದ ದರ ಅದಕ್ಕಿಂತ ಮೇಲೆ, ಸುಮಾರು 6%.

ಭಾರತದಲ್ಲಿ ದರ ಏರಿದರೆ ಸಾಮಾನ್ಯವಾಗಿ ಕಂತು ಹಾಗೇ ಇಟ್ಟು ವರ್ಷ ಹೆಚ್ಚಿಸುತ್ತಾರೆ. ಇಲ್ಲಿ ಹಾಗಲ್ಲ. ವರ್ಷ ಅಷ್ಟೇ, ಕಂತೇ ಏರುತ್ತದೆ. ಲೆಕ್ಕಕ್ಕೆ ಸುಲಭವಾಗಲಿ ಅಂತ 5 ಲಕ್ಷ ಡಾಲರ್ ಸಾಲ, 30 ವರ್ಷ ಅಂದುಕೊಳ್ಳಿ. 2.5% ಬಡ್ಡಿಗೆ ತಿಂಗಳ ಕಂತು 1,976 ಡಾಲರ್. ಅದೇ ಸಾಲಕ್ಕೆ 6% ಆದರೆ 2,998. ತಿಂಗಳಿಗೆ ಸಾವಿರ ಡಾಲರ್ ಜಾಸ್ತಿ. ಆ 2,998ರಲ್ಲಿ ಮೊದಲ ತಿಂಗಳು 2,500 ಬರೀ ಬಡ್ಡಿಗೇ ಹೋಗುತ್ತದೆ. ಅಸಲಿಗೆ ಸೇರುವುದು 498.

ಇದನ್ನು ನೋಡಿ ನನಗೆ ಹೆದರಿಕೆಯಾಯಿತು. ಅಪ್ಪ ಕೈಸಾಲ ಮಾಡಿ, ಸಾಲ ಕೊಟ್ಟವರು ಎದುರಿಗೆ ಬಂದರೆ ತಲೆ ತಗ್ಗಿಸಿ ನಡೆದಿದ್ದನ್ನು ನೋಡಿ ಬೆಳೆದವಳು ನಾನು. ಸಾಲ ಅಂದರೆ ಎದೆ ಮೇಲೆ ಕಲ್ಲು ಅನ್ನುವುದೇ ನಮ್ಮ ಮನೆಯಲ್ಲಿ ಕಲಿತ ಪಾಠ. ಹಾಗಾಗಿ ಬ್ಯಾಂಕ್ ಕೇಳಿದಷ್ಟು ಕಟ್ಟಿ ಸುಮ್ನೆ ಇರಲು ನನಗೆ ಆಗಲಿಲ್ಲ. ತಿಂಗಳಿಗೆ ಇನ್ನೂ 1,500 ಡಾಲರ್ ಹೆಚ್ಚಿಗೆ ಕಟ್ಟಲು ಹೊರಟೆ. ಅದನ್ನು ಎಲ್ಲಿಂದ ತರೋದು? ನಮ್ಮ ಕೆಲಸದಲ್ಲಿ ಶನಿವಾರ ದುಡಿದರೆ ಒಂದೂವರೆ ಪಟ್ಟು ಕೂಲಿ, ಭಾನುವಾರ ಒಂದೂ ಮುಕ್ಕಾಲು ಪಟ್ಟು. ಎರಡನ್ನೂ ಕೇಳಿ ಹಾಕಿಸಿಕೊಂಡೆ. ನನ್ನ ಗಂಡ ಹಗಲು ಪಾಳಿಯಿಂದ ರಾತ್ರಿಗೆ ಹೋದರು.

ರಜೆಯನ್ನೂ ಮಾರಿಕೊಂಡೆವು. ಇಲ್ಲಿ ಕಾಯಂ ಕೆಲಸದವರಿಗೆ ವರ್ಷಕ್ಕೆ 4 ವಾರ ಸಂಬಳದ ರಜೆ. ಬಹಳಷ್ಟು ಕೆಲಸಗಳಲ್ಲಿ 4 ವಾರ ಉಳಿಸಿಕೊಂಡು, ಮೇಲಿನದರಲ್ಲಿ ವರ್ಷಕ್ಕೆ 2 ವಾರದವರೆಗೆ ದುಡ್ಡಾಗಿ ತೆಗೆದುಕೊಳ್ಳಬಹುದು. ಊರಿಗೆ ಬರಲೆಂದು ಕೂಡಿಟ್ಟ ರಜೆ ಅದು. ಅಮ್ಮನಿಗೆ "ಈ ವರ್ಷ ರಜೆ ಸಿಗಲಿಲ್ಲಮ್ಮ" ಅಂದೆ. ಸುಳ್ಳು ಹೇಳಿದೆ. ಅದು ಇವತ್ತಿಗೂ ಚುಚ್ಚುತ್ತದೆ.

ಮನೆಯೊಳಗಿನ ಚಳಿಯ ಬಗ್ಗೆ ಎರಡು ಮಾತು. ಇಲ್ಲಿನ ಹಳೇ ಮರದ ಹಲಗೆಯ ಮನೆಗಳಲ್ಲಿ ಬಾಗಿಲ ಸಂದಿನಿಂದ ಗಾಳಿ ನುಗ್ಗುತ್ತದೆ. ಆ ಚಳಿಗಾಲದಲ್ಲಿ ನಾವು ಹೀಟರ್ ಹಾಕುತ್ತಿದ್ದುದು ಮಗಳು ಮಲಗುವ ಮುಂಚೆ ಒಂದು ಗಂಟೆ ಮಾತ್ರ. ಅವಳು ಸ್ವೆಟರ್ ಮೇಲೆ ಸ್ವೆಟರ್ ಹಾಕಿಕೊಂಡು, ಕಾಲುಗಳನ್ನು ಕುರ್ಚಿಯ ಮೇಲೆ ಮಡಚಿ ಕೂತು ಹೋಮ್‌ವರ್ಕ್ ಬರೆಯುತ್ತಿದ್ದಳು. ನೆಲ ಅಷ್ಟು ತಣ್ಣಗಿರುತ್ತಿತ್ತು. ಯಾವ ಮನೆಗೆ ಸಾಲ ಕಟ್ಟುತ್ತಿದ್ದೆವೋ ಆ ಮನೆಯಲ್ಲಿ ಕಾಲೂರಿ ಕೂರಲು ಆಗುತ್ತಿರಲಿಲ್ಲ.

ನೋಟ್‌ಬುಕ್ ನೋಡಿದ ಮೇಲಿನ ಗುರುವಾರ ಇಬ್ಬರಿಗೂ ರಜೆ ಸಿಕ್ಕಿತು. ಮಗಳು ಮಲಗಿದ ಮೇಲೆ ಟೇಬಲ್ ಹತ್ತಿರ ಕೂತೆವು. ಮೊದಲ ಅರ್ಧ ಗಂಟೆ ಜಗಳವೇ. ಅವರು "ನೀನೇ ಅಲ್ವಾ ಬೇಗ ತೀರಿಸಬೇಕು ಅಂದಿದ್ದು" ಅಂದರು. ಹೌದು, ನಾನೇ. ಆಮೇಲೆ ಫೋನಿನಲ್ಲಿ ಲೋನ್ ಕ್ಯಾಲ್ಕುಲೇಟರ್ ತೆಗೆದು, ಇದುವರೆಗೆ ನಾನು ಒಮ್ಮೆಯೂ ಮಾಡದ ಒಂದು ಲೆಕ್ಕ ಮಾಡಿದೆವು. ಹೆಚ್ಚಿಗೆ ಕಟ್ಟುವ 1,500ನ್ನು ಒಟ್ಟಿಗೆ ನೋಡದೆ ಐನೂರು ಐನೂರಾಗಿ ಬಿಡಿಸಿದೆವು.

ಅದೇ 5 ಲಕ್ಷದ ಸಾಲ, 6% ಬಡ್ಡಿ. ತಿಂಗಳಿಗೆ 500 ಹೆಚ್ಚಿಗೆ ಕಟ್ಟಿದರೆ 30 ವರ್ಷದ ಸಾಲ ಸುಮಾರು 21 ವರ್ಷಕ್ಕೆ ಮುಗಿಯುತ್ತದೆ. 9 ವರ್ಷ ಉಳಿತಾಯ. ಇನ್ನೊಂದು 500 ಸೇರಿಸಿದರೆ ಹದಿನಾರೂವರೆ ವರ್ಷ. ಅಂದರೆ ಎರಡನೇ ಐನೂರು ಉಳಿಸಿದ್ದು ನಾಲ್ಕೂವರೆ ವರ್ಷ. ಮೂರನೆಯ 500 ಸೇರಿಸಿದರೆ ಹದಿಮೂರೂವರೆ ವರ್ಷ. ಅದು ಉಳಿಸುವುದು 3 ವರ್ಷಕ್ಕಿಂತ ಕಡಿಮೆ.

ಈ ಲೆಕ್ಕ ನೋಡಿ ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮೊದಲ 500 ನಮಗೆ ಕಷ್ಟವಿರಲಿಲ್ಲ. ಮಾಮೂಲಿ ಸಂಬಳದಲ್ಲೇ ಹೊಂದಿಸಬಹುದಿತ್ತು. ಎರಡನೆಯದು ನನ್ನ ಶನಿವಾರಗಳಿಂದ ಬರುತ್ತಿತ್ತು. ಮೂರನೆಯದು ನನ್ನ ಭಾನುವಾರ, ಅವರ ರಾತ್ರಿ, ಅಮ್ಮನನ್ನು ನೋಡುವ ರಜೆ, ಬೆಚ್ಚಗಿನ ಮನೆ, ಇವಿಷ್ಟನ್ನೂ ತಿಂದು ಬರುತ್ತಿತ್ತು. ಎಲ್ಲಕ್ಕಿಂತ ಜಾಸ್ತಿ ಬೆಲೆ ತೆತ್ತು ಸಂಪಾದಿಸಿದ ಐನೂರು ಎಲ್ಲಕ್ಕಿಂತ ಕಡಿಮೆ ಕೆಲಸ ಮಾಡುತ್ತಿತ್ತು. ಸಾಲ ತೀರಿಸುವ ಹಟದಲ್ಲಿರುವ ಪ್ರತಿಯೊಬ್ಬರೂ ಈ ಒಂದು ಲೆಕ್ಕ ಮಾಡಲೇಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ನಿಮ್ಮ ದರ, ನಿಮ್ಮ ಮೊತ್ತ ಹಾಕಿ ನೋಡಿ. ಊರಲ್ಲಿ ಮನೆ ಸಾಲ ಕಟ್ಟುವವರಿಗೂ ಇದು ಹೀಗೇ ನಡೆಯುತ್ತದೆ.

ಆ ರಾತ್ರಿ ಮೂರನೆಯ ಐನೂರನ್ನು ಬಿಟ್ಟೆವು. ಶನಿವಾರದ ಬಗ್ಗೆ ತುಂಬಾ ಯೋಚಿಸಿದೆವು. ಕೊನೆಗೆ ತಿಂಗಳಿಗೆ ಎರಡು ಶನಿವಾರ ಇಟ್ಟುಕೊಂಡೆ. ಅವರು ಹಗಲು ಪಾಳಿ ಕೇಳಿದರು, ಸಿಗಲು ಮೂರು ತಿಂಗಳು ಹಿಡಿಯಿತು. ಈಗ ತಿಂಗಳಲ್ಲಿ ಒಂದು ವಾರ ಮಾತ್ರ ರಾತ್ರಿ ಪಾಳಿ.

ಇನ್ನೊಂದು ಬದಲಾವಣೆಯೂ ಮಾಡಿದೆವು. ಮೊದಲು ಹೆಚ್ಚಿಗೆ ದುಡ್ಡನ್ನು ನೇರ ಸಾಲಕ್ಕೇ ಹಾಕುತ್ತಿದ್ದೆ. ಕೈಯಲ್ಲಿ ಏನೂ ಉಳಿಯುತ್ತಿರಲಿಲ್ಲ. ಕಾರು ಕೆಟ್ಟರೆ ಕ್ರೆಡಿಟ್ ಕಾರ್ಡೇ ಗತಿ. ಇಲ್ಲಿ ಆಫ್‌ಸೆಟ್ ಅಕೌಂಟ್ ಅಂತ ಒಂದಿದೆ. ಸಾಲದ ಜೊತೆಗೇ ಜೋಡಿಸಿದ ಮಾಮೂಲಿ ಖಾತೆ. ಸಾಲ 5 ಲಕ್ಷ ಇದ್ದು ಆ ಖಾತೆಯಲ್ಲಿ 20 ಸಾವಿರ ಇದ್ದರೆ, 4 ಲಕ್ಷ 80 ಸಾವಿರಕ್ಕೆ ಮಾತ್ರ ಬಡ್ಡಿ. ಬಡ್ಡಿಯನ್ನು ದಿನದ ಲೆಕ್ಕದಲ್ಲಿ ಹಾಕುವುದರಿಂದ ಸಂಬಳ ಬಂದ ದಿನದಿಂದಲೇ ಲಾಭ. ಬೇಕಾದಾಗ ಕಾರ್ಡಿನಲ್ಲಿ ದುಡ್ಡು ತೆಗೆಯಬಹುದು. ಉಳಿತಾಯ ಖಾತೆಯ ಬಡ್ಡಿಗೆ ತೆರಿಗೆ ಬೀಳುತ್ತದೆ, ಹೀಗೆ ಉಳಿಸಿದ ಬಡ್ಡಿಗೆ ಇಲ್ಲ. ಕೆಲವು ಬ್ಯಾಂಕು ಇದಕ್ಕೆ ವರ್ಷಕ್ಕಿಷ್ಟು ಅಂತ ಶುಲ್ಕ ಹಾಕುತ್ತವೆ, ಅದನ್ನು ನೋಡಿಕೊಳ್ಳಬೇಕು. ನನಗೆ ಇದರಿಂದ ಸಿಕ್ಕ ದೊಡ್ಡ ಲಾಭ ಬೇರೆಯದೇ. ದುಡ್ಡು ಸಾಲದ ಕೆಲಸವನ್ನೂ ಮಾಡುತ್ತಿದೆ, ನಮ್ಮ ಕೈಯಲ್ಲೂ ಇದೆ ಅನ್ನುವ ಧೈರ್ಯ. ಆ ಧೈರ್ಯ ಬಂದ ಮೇಲೆ ಭಾನುವಾರ ಮನೆಯಲ್ಲಿ ಕೂತರೆ ತಪ್ಪು ಮಾಡಿದಂತೆ ಅನ್ನಿಸುವುದು ನಿಂತಿತು.

ಎಲ್ಲರಿಗೂ ಈ ಆಯ್ಕೆ ಇರುವುದಿಲ್ಲ. ಮಾಮೂಲಿ ಕಂತಿಗೇ ಭಾನುವಾರ ದುಡಿಯಬೇಕಾದ ಸ್ನೇಹಿತರು ನನಗೆ ಇದ್ದಾರೆ. ಅವರಿಗೆ ಈ ಐನೂರರ ಲೆಕ್ಕ ಹೇಳಿ ಪ್ರಯೋಜನವಿಲ್ಲ. ಆದರೆ ನಮ್ಮ ಜನ ನಾಚಿಕೆಯಿಂದ ಬಾಯಿ ಬಿಡದ ಒಂದು ದಾರಿ ಇದೆ. ಕಟ್ಟಲು ಕಷ್ಟ ಅಂದರೆ, ಕಂತನ್ನು ಸಡಿಲಿಸಿ ಅಂತ ಕೇಳಿ ಬ್ಯಾಂಕಿಗೆ ಹಾರ್ಡ್‌ಶಿಪ್ ಅರ್ಜಿ ಕೊಡಬಹುದು. ಇಲ್ಲಿನ ಕಾನೂನಿನ ಪ್ರಕಾರ ಬ್ಯಾಂಕು ಅದನ್ನು ಪರಿಶೀಲಿಸಿ, ಸಾಮಾನ್ಯವಾಗಿ 21 ದಿನದಲ್ಲಿ ಉತ್ತರ ಕೊಡಬೇಕು. ನ್ಯಾಷನಲ್ ಡೆಟ್ ಹೆಲ್ಪ್‌ಲೈನ್‌ಗೆ ಫೋನ್ ಮಾಡಿದರೆ ಕೌನ್ಸೆಲರ್‌ಗಳು ದುಡ್ಡು ತೆಗೆದುಕೊಳ್ಳದೆ ಸಲಹೆ ಕೊಡುತ್ತಾರೆ. ಕಂತು ತಪ್ಪುವ ಮುಂಚೆಯೇ ಕೇಳುವುದು ಒಳ್ಳೆಯದು. ದಯವಿಟ್ಟು ಕೇಳಿ.

ನಮ್ಮ ಸಾಲ ಮೊದಲು ಅಂದುಕೊಂಡದ್ದಕ್ಕಿಂತ ತಡವಾಗಿ ತೀರುತ್ತದೆ. ಆ ವರ್ಷಗಳ ಬಡ್ಡಿ ಸಣ್ಣದಲ್ಲ, ಅದು ನನಗೆ ಗೊತ್ತು. ಅಪ್ಪನಿಗೆ ಫೋನಿನಲ್ಲಿ ಹೇಳಿದಾಗ ಅವರು ಸುಮಾರು ಹೊತ್ತು ಸುಮ್ಮನಿದ್ದು, "ಮನೆಯಲ್ಲಿ ಈಗ ಬೆಚ್ಚಗಿದೆಯಾ?" ಅಂತ ಮಾತ್ರ ಕೇಳಿದರು. ಬೆಚ್ಚಗಿದೆ ಅಪ್ಪ. ಅಮ್ಮನಿಗೆ ರಜೆಯ ವಿಷಯ ನಿಜ ಹೇಳಿದೆ. ಕಳೆದ ಡಿಸೆಂಬರಿನಲ್ಲಿ ಮೂರು ವಾರ ಅವಳ ಜೊತೆ ಇದ್ದು ಬಂದೆವು.

ನೋಟ್‌ಬುಕ್ ಈಗಲೂ ಅಲ್ಲೇ ಇದೆ. ಹಾಲು, ಬಿನ್ನು, ಸ್ಕೂಲಿನ ಚೀಟಿ ಎಲ್ಲ ಈಗಲೂ ಇರುತ್ತವೆ. ಮೊನ್ನೆ ರಾತ್ರಿ ಪಾಳಿಯ ವಾರದಲ್ಲಿ ಅವರು ಬರೆದಿಟ್ಟು ಹೋಗಿದ್ದು: "ಹಾಲು ತಂದಿದೀನಿ. ಹಿತ್ತಲ ನಿಂಬೆ ಗಿಡ ಚಿಗುರಿದೆ, ನೋಡು. ಇವತ್ತು ಆರು ಗಂಟೆ ಚೆನ್ನಾಗಿ ನಿದ್ದೆ ಬಂತು."