ಹಳೇ ನಂಬರಿಗೆ ಬಂದ ಮೆಸೇಜು

ಸೂಟಿಗೆ ಕಲಬುರಗಿಗೆ ಬಂದ ಮರುದಿನ ಬೆಳಿಗ್ಗೆ ಸುಸಲಾ ಮಿರ್ಚಿ ತರಲು ಗಾಡಿ ತೆಗೆದೆ. ಮನೆಗೆ ಬಂದಾಗ ಕೈಯಲ್ಲಿ ಆರಿ ತಣ್ಣಗಾದ ಮಿರ್ಚಿಯೂ ಇತ್ತು, ದಂಡದ ರಸೀದಿಯೂ ಇತ್ತು.

ರಾಮಮಂದಿರ ಸರ್ಕಲ್ ಹತ್ತಿರ ಟ್ರಾಫಿಕ್ ಪೊಲೀಸರು ಕೈ ಅಡ್ಡ ಹಿಡಿದಾಗ ನನಗೆ ಯಾವ ಅಂಜಿಕೆಯೂ ಇರಲಿಲ್ಲ. ತಲೆಯ ಮೇಲೆ ಹೆಲ್ಮೆಟ್, ಕಿಸೆಯಲ್ಲಿ ಲೈಸೆನ್ಸ್, ಮೊಬೈಲಿನಲ್ಲಿ ಆರ್‌ಸಿ. ಅವರು ಕೆಎ 32ರ ನನ್ನ ನಂಬರನ್ನು ಮಷೀನಿಗೆ ಹೊಡೆದು ಒಂದು ಸಲ ನನ್ನ ಮುಖ ನೋಡಿದರು.

"ಇನ್ಶೂರೆನ್ಸ್ ಮುಗ್ದು ಇಪ್ಪತ್ತು ತಿಂಗಳಾಗ್ಯಾವ್ರಿ."

"ಇಲ್ರಿ ಸರ್, ಐದು ವರ್ಷದ್ದು ಅದ."

"ಆ ಐದು ವರ್ಷ ಮುಗ್ದೇ ಇಪ್ಪತ್ತು ತಿಂಗಳು. ಎಲ್ಲಿರ್ತೀರಿ ನೀವು?"

ಶಾರ್ಜಾ ಅಂದೆ.

"ಅಲ್ಲಿ ನಡೀತದೇನ್ರಿ ಹಿಂಗ?"

ನಡೆಯುವುದಿಲ್ಲ. ಅಲ್ಲೂ ನನ್ನ ಹತ್ತಿರ ಒಂದು ಹಳೇ ಬೈಕಿದೆ. ಅಲ್ಲಿಯ ಆರ್‌ಸಿಗೆ ಮುಲ್ಕಿಯಾ ಅನ್ನುತ್ತಾರೆ. ಅದನ್ನು ವರ್ಷ ವರ್ಷ ನವೀಕರಿಸಬೇಕು. ಇನ್ಶೂರೆನ್ಸ್ ಇಲ್ಲದೆ ಅದು ಆಗುವುದೇ ಇಲ್ಲ. ಹಳೇ ದಂಡ ಬಾಕಿ ಇದ್ದರೆ ಅದನ್ನೂ ಮೊದಲು ತೀರಿಸಬೇಕು. ಪಾಲಿಸಿ ಕೊಡುವುದು 13 ತಿಂಗಳಿಗೆ: ಹನ್ನೆರಡು ತಿಂಗಳು ಒಂದು ವರ್ಷದ ಲೆಕ್ಕಕ್ಕೆ, ಉಳಿದೊಂದು ಮುಲ್ಕಿಯಾ ಮಾಡಿಸಲು ಓಡಾಡುವ ದಿನಗಳಿಗೆ. ನಾಲ್ಕು ವರ್ಷದಲ್ಲಿ ಒಂದು ದಿನವೂ ನಾನು ತಪ್ಪಿಸಿಲ್ಲ. ತಪ್ಪಿಸಲು ಸಂದಿ ಇದ್ದಿದ್ದರೆ ಏನು ಮಾಡುತ್ತಿದ್ದೆನೋ, ಹೇಳಲಾರೆ.

ನಮ್ಮಲ್ಲಿ ಆರ್‌ಸಿ ಒಮ್ಮೆ ಮಾಡಿಸಿದರೆ 15 ವರ್ಷ ಬಾಳುತ್ತದೆ. ಅದರ ನಡುವೆ ವಿಮೆ ಯಾವಾಗ ಸತ್ತಿತು ಅಂತ ಸರ್ಕಲ್‌ನಲ್ಲಿ ಯಾರಾದರೂ ಅಡ್ಡ ನಿಲ್ಲುವ ತನಕ ಗೊತ್ತಾಗುವುದಿಲ್ಲ. ನನ್ನ ಗಾಡಿ 2018ರ ದೀಪಾವಳಿಯದು. ಆ ವರ್ಷ ಸುಪ್ರೀಂ ಕೋರ್ಟ್ ಆದೇಶದಂತೆ ಸೆಪ್ಟೆಂಬರ್ 1ರಿಂದ ಹೊಸ ದ್ವಿಚಕ್ರ ವಾಹನಕ್ಕೆ ಒಂದೇ ಸಲಕ್ಕೆ ಐದು ವರ್ಷದ ಥರ್ಡ್ ಪಾರ್ಟಿ, ಅಂದರೆ ನಮ್ಮ ಗಾಡಿಯಿಂದ ಎದುರಿನವರಿಗೆ ಆಗುವ ಹಾನಿಯ ವಿಮೆ, ಕಡ್ಡಾಯವಾಗಿತ್ತು. ಶೋರೂಮಿನಲ್ಲಿ ಅಷ್ಟು ರೊಕ್ಕ ಕೊಡುವಾಗ ಹೊಟ್ಟೆ ಉರಿದಿತ್ತು. ಆಮೇಲೆ ಅದನ್ನೇ ಹೆಮ್ಮೆಯಿಂದ ಎಲ್ಲರಿಗೂ ಹೇಳಿಕೊಂಡು ತಿರುಗಿದೆ. 2021ರಲ್ಲಿ ಹೋಗುವಾಗ ತಮ್ಮನಿಗೆ ಕೀಲಿ ಕೊಟ್ಟು, "ಇನ್ಶೂರೆನ್ಸ್ ಚಿಂತಿ ಮಾಡಬ್ಯಾಡ, ಐದು ವರ್ಷದ್ದು ಅದ" ಅಂದಿದ್ದೆ. ಐದು ವರ್ಷ ಯಾವಾಗಿನಿಂದ ಅಂತ ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ.

ರಸೀದಿ ನೋಡಿದ ತಮ್ಮ ನನ್ನ ಮಾತನ್ನು ನನಗೇ ತಿರುಗಿಸಿ ಕೊಟ್ಟ. "ಅಣ್ಣಾ, ನೀನೇ ಹೇಳಿದ್ದೆಲ್ಲಾ, ಚಿಂತಿ ಮಾಡಬ್ಯಾಡಂತ. ನಾ ಮಾಡ್ಲಿಲ್ಲ."

ನಾನು ಕೂತಲ್ಲೇ ಲೆಕ್ಕ ಹಾಕಿದೆ. ಈ ಇಪ್ಪತ್ತು ತಿಂಗಳು ಅವನು ಎಲ್ಲೆಲ್ಲಿ ಹೋಗಿದ್ದಾನೆ? ದಿನಾ ಸೇಡಂ ರೋಡಿನ ಕೆಲಸಕ್ಕೆ. ಅವ್ವನನ್ನು ಹಿಂದೆ ಕೂಡಿಸಿಕೊಂಡು ಸೋಮವಾರಕ್ಕೊಮ್ಮೆ ಶರಣಬಸವೇಶ್ವರ ಗುಡಿಗೆ. ಎರಡು ಸಲ ಶರಣಬಸವೇಶ್ವರರ ಜಾತ್ರೆಗೆ, ತೇರಿನ ಆ ಜನಸಾಗರದ ಅಂಚಿಗೆ. ಯಾರದಾದರೂ ಕೂಸಿಗೆ ತಾಗಿದ್ದರೆ? ಮೋಟಾರು ವಾಹನ ಕಾಯ್ದೆಯ 196ನೇ ಕಲಂ ಪ್ರಕಾರ ವಿಮೆ ಇಲ್ಲದ ಗಾಡಿ ಓಡಿಸಿದರೆ ಮೊದಲ ಸಲ ಎರಡು ಸಾವಿರ ದಂಡ ಇಲ್ಲವೇ ಮೂರು ತಿಂಗಳ ತನಕ ಜೈಲು, ಅಥವಾ ಎರಡೂ. ಮತ್ತೊಮ್ಮೆ ಸಿಕ್ಕರೆ ದಂಡ ನಾಲ್ಕು ಸಾವಿರ. ಅದು ಹೋಗಲಿ. ಪರಿಹಾರದ ಕೇಸು ಬಿದ್ದರೆ ಟ್ರಿಬ್ಯೂನಲ್ಲು ಹುಡುಕುವುದು ಆರ್‌ಸಿಯಲ್ಲಿ ಹೆಸರಿದ್ದವನನ್ನು. ಆ ಹೆಸರು ನನ್ನದು. ನಾನು ಶಾರ್ಜಾದ ರೂಮಿನಲ್ಲಿ ಮಲಗಿರುವಾಗ ಕಲಬುರಗಿಯಲ್ಲಿ ನನ್ನ ಹೊಲ ಮನೆ ಎರಡೂ ಆ ಗಾಡಿಯ ಹಿಂದಿನ ಸೀಟಿನ ಮೇಲೆ ಕೂತು ತಿರುಗುತ್ತಿದ್ದವು.

ಮಧ್ಯಾಹ್ನ ನಮ್ಮ ಓಣಿಯ ಏಜೆಂಟ್ ಕಾಕಾನನ್ನು ಕರೆದೆವು. ಕಾಕಾ ಕನ್ನಡಕ ಮೂಗಿನ ತುದಿಗೆ ತಂದು, "ಫಸ್ಟ್ ಪಾರ್ಟಿನೋ ಥರ್ಡ್ ಪಾರ್ಟಿನೋ?" ಅಂದ. ನಮ್ಮ ಕಡೆ ಎಲ್ಲರೂ ಫಸ್ಟ್ ಪಾರ್ಟಿ ಅನ್ನುತ್ತಾರೆ. ಹಾಗಂದರೆ ನಮ್ಮ ಗಾಡಿಯ ಹಾನಿಗೂ ಸೇರಿಸಿ ಮಾಡಿಸುವುದು. ಇಷ್ಟು ದಿನ ಬಿಟ್ಟ ಗಾಡಿಗೆ ಅದು ಬೇಕಾದರೆ ಕಂಪನಿಯವರು ಗಾಡಿ ನೋಡಬೇಕು, ಫೋಟೋ ತೆಗೆಯಬೇಕು. ಕ್ಲೇಮ್ ಮಾಡದಿದ್ದವರಿಗೆ ಸಿಗುವ ನೋ ಕ್ಲೇಮ್ ಬೋನಸ್ ಕೂಡ, 90 ದಿನದೊಳಗೆ ನವೀಕರಿಸದಿದ್ದರೆ ಹೋಗಿಬಿಡುತ್ತದೆ. ನನ್ನ ಗಾಡಿಯ ಬಣ್ಣ ನೋಡಿ ಕಾಕಾ ತಾನೇ ಉತ್ತರ ಹೇಳಿಕೊಂಡ. "ಥರ್ಡ್ ಪಾರ್ಟಿ ಸಾಕು ಬಿಡು." 75 ಸಿಸಿ ಮೇಲಿಂದ 150 ಸಿಸಿ ತನಕದ ಗಾಡಿಗೆ ಆಗ 714 ರೂಪಾಯಿ, ಮೇಲೆ ಶೇ 18ರ ಜಿಎಸ್‌ಟಿ. ಎಂಟುನೂರಾ ನಲವತ್ತಮೂರು. ಮಾಲ್ಪುರಿ ಪಾರ್ಸಲ್ ಕಟ್ಟಿಸಿದರೆ ಅಷ್ಟಾಗುತ್ತದೆ ಅಂತ ತಮ್ಮ ಗೊಣಗಿದ.

"ಓಟಿಪಿ ಹೇಳು," ಅಂದ ಕಾಕಾ.

ಓಟಿಪಿ ಹೋದದ್ದು ನನ್ನ ಹಳೇ ನಂಬರಿಗೆ. ಶಾರ್ಜಾಕ್ಕೆ ಹೋದ ಮೇಲೆ ಅದಕ್ಕೆ ರಿಚಾರ್ಜ್ ಮಾಡಿಸಿರಲಿಲ್ಲ. ಪಾಲಿಸಿ ಕಾಗದದಲ್ಲಿ, ಆಧಾರ್‌ನಲ್ಲಿ, ಎಲ್ಲ ಕಡೆ ಅದೇ ನಂಬರು. ಸತ್ತಿರಬೇಕು ಅಂದುಕೊಂಡೇ ತಮ್ಮನ ಮೊಬೈಲಿನಿಂದ ಅದಕ್ಕೆ ಹಚ್ಚಿದೆ. ರಿಂಗಾಯಿತು. ನನ್ನ ನಂಬರನ್ನು ಬೇರೆ ಯಾರೋ ಎತ್ತಿದರು. ಶಹಾಪುರ ಕಡೆಯ ಹಿರಿಯರು, ದನಿಯ ಹಿಂದೆ ಪಂಪ್‌ಸೆಟ್ಟಿನ ಸದ್ದು.

ಅಂಜುತ್ತಲೇ ವಿಷಯ ಹೇಳಿದೆ. ಅವರು ಸಿಟ್ಟಾಗಲಿಲ್ಲ, ಖುಷಿಯಾದರು. "ಅವ್ರು ನೀವೇನ್ರಿ! ನಿಮ್ಮ ಗಾಡಿ ಇನ್ಶೂರೆನ್ಸ್ ಮುಗೀತದ, ಮುಗ್ದದ ಅಂತ ಹೋದ ವರ್ಷೆಲ್ಲಾ ಮೆಸೇಜ್ ಬಂದಾವ್ರಿ. ನನ್ನಲ್ಲಿ ಇರೋದು ಎರಡು ಎತ್ತು. ನಮ್ಮ ಮೊಮ್ಮಗ ಓದಿ ಓದಿ ಹೇಳ್ತಿದ್ದ, ಮುತ್ಯಾ, ನಿನ್ನ ಗಾಡಿ ಎಲ್ಲದ ಅಂತ."

ನನಗೆ ಬರಬೇಕಾದ ಎಚ್ಚರಿಕೆಯನ್ನು ಯಾರದೋ ಹೊಲದಲ್ಲಿ ಒಬ್ಬ ಹುಡುಗ ಮುತ್ಯಾನಿಗೆ ಓದಿ ನಗಿಸುತ್ತಿದ್ದ. ಓಟಿಪಿ ಹೇಳಲೇನ್ರಿ ಅಂತಲೂ ಕೇಳಿದರು. ಕಾಕಾ ಕೈಯಾಡಿಸಿ ಬೇಡ ಅಂದ. ಓಟಿಪಿಯನ್ನು ಹಾಗೆ ಕೇಳುವುದೂ ತಪ್ಪು, ಕೊಡುವುದೂ ತಪ್ಪು. ಪ್ಯಾನ್ ಕಾರ್ಡಿನ ಮೇಲೆ ಕೆವೈಸಿ ಮಾಡಿ, ಮೊಬೈಲ್ ನಂಬರಿನ ಜಾಗಕ್ಕೆ ತಮ್ಮನದನ್ನು ಹಾಕಿದೆವು. ವಿದೇಶಕ್ಕೆ ಹೋಗುವವರು ಪಾಸ್‌ಪೋರ್ಟಿಗೆ ಎಷ್ಟು ಕಾಳಜಿ ಮಾಡುತ್ತಾರೋ ಈ ನಂಬರಿಗೂ ಅಷ್ಟೇ ಮಾಡಬೇಕು ಅಂತ ಆವತ್ತು ಅನಿಸಿತು. ಶಾರ್ಜಾದ ನನ್ನ ರೂಮಿನಲ್ಲಿರುವ ಆರು ಮಂದಿಯಲ್ಲಿ ನಾಲ್ವರ ಊರಿನ ಸಿಮ್ ಸತ್ತಿದೆ. ಅವರ ಗಾಡಿಗಳೂ ಎಲ್ಲೋ ಓಡುತ್ತಿವೆ.

ಆಮೇಲೆ ಕಾಕಾ ಹೇಳಿದ ಮಾತು ನನಗೆ ಮೊದಲು ಅರ್ಥವೇ ಆಗಲಿಲ್ಲ. ಮಾಲಕ ತಾನೇ ಓಡಿಸುವಾಗ ಅಪಘಾತವಾದರೆ ಅವನಿಗೆ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ, ಅದೂ ಕಡ್ಡಾಯ.

"ಮಾಲಕ ಶಾರ್ಜಾದಾಗ ಇದ್ರ?"

"ಇದ್ರೇನಾತು, ಮಾಲಕ ನೀನೇ."

"ಓಡ್ಸೋನು ಇವ."

"ಇವ ಬಿದ್ರ ಇದ್ರಾಗ ರೊಕ್ಕ ಬರಲ್ಲ. ಎದುರಿನವಗ ಬರ್ತದ, ಲೈಸೆನ್ಸ್ ಇರ್ಬೇಕಷ್ಟ. ಇವಗ ಬೇರೆ ಮಾಡಿಸ್ಬೇಕು."

ಅಂದರೆ ವರ್ಷಕ್ಕೆ ಒಂದು ತಿಂಗಳು ಆ ಗಾಡಿ ಹತ್ತುವ ನನಗೆ ಹದಿನೈದು ಲಕ್ಷ, ಹನ್ನೊಂದು ತಿಂಗಳು ಹತ್ತುವ ತಮ್ಮನಿಗೆ ಬರೀ ಹೆಲ್ಮೆಟ್. ಗಾಡಿಯನ್ನು ಅವನ ಹೆಸರಿಗೇ ಮಾಡಿಬಿಡೋಣ ಅಂದೆ. ಹೆಸರು ಬದಲಾದರೆ ಪಾಲಿಸಿಯೂ ಅವನ ಹೆಸರಿಗೆ ಹೋಗುತ್ತದೆ, 14 ದಿನದೊಳಗೆ ಕಂಪನಿಗೆ ತಿಳಿಸಿದರೆ ಮುಗಿಯಿತು. ತಮ್ಮ ನೆಲ ನೋಡಿದ. ಜೋಳದ ರೊಟ್ಟಿ ಬಡಿಯುತ್ತಿದ್ದ ಅವ್ವ ಒಳಗಿಂದಲೇ, "ಗಾಡಿ ನಿನ್ನ ಹೆಸರಲ್ಲೇ ಇರ್ಲಿ" ಅಂದಳು. ಯಾಕೆ ಅಂತ ಕೇಳಿದರೆ ಉತ್ತರ ಬರಲಿಲ್ಲ, ರೊಟ್ಟಿಯ ಸಪ್ಪಳ ಮಾತ್ರ ಜೋರಾಯಿತು. ತಮ್ಮನ ಹೆಸರಲ್ಲಿ ಒಂದು ಬೇರೆ ಅಪಘಾತ ವಿಮೆ ಮಾಡಿಸುವುದೆಂದು ತೀರ್ಮಾನವಾಯಿತು.

ಕೊನೆಗೆ ಕಾಕಾ ನನ್ನ ಫಾರಂ ಹಿಡಿದು ಕೇಳಿದ. "ನಾಮಿನಿ ಯಾರು?"

ಅವ್ವನ ಹೆಸರು ಹೇಳಿದೆ. ಹಿಟ್ಟಿನ ಕೈಯಲ್ಲೇ ಅವ್ವ ಹೊರಗೆ ಬಂದಳು. "ನಾಮಿನಿ ಅಂದ್ರೇನು?"

ಯಾರೂ ಹೇಳಲು ತಯಾರಿರಲಿಲ್ಲ. ಕೊನೆಗೆ ಕಾಕಾನೇ ಮೆಲ್ಲಗೆ, ಇವನಿಗೇನಾದರೂ ಆದರೆ ರೊಕ್ಕ ಯಾರಿಗೆ ಅಂತ, ಅಂದ.

"ನಂಗ ಬ್ಯಾಡ. ಅವನ ಹೆಂಡ್ತಿ ಹೆಸ್ರು ಬರಿ."

"ಯವ್ವ, ನಂದಿನ್ನೂ ಮದುವಿ ಆಗಿಲ್ಲ."

"ಹಂಗಾದ್ರ ಆಗೋತನಕ ಖಾಲಿ ಬಿಡು," ಅಂದು ಅವ್ವ ಮತ್ತೆ ಒಲೆಯ ಮುಂದೆ ಹೋಗಿ ಕೂತಳು.