ಒಂದು ಬಾಗಿಲಾದರೂ ಉಳಿಯಬೇಕಿತ್ತು

ಬರ್ಲಿನ್‌ಗೆ ಬಂದ ಹೊಸದರಲ್ಲಿ ಊರ ನಡುವಿನ ಅರಮನೆ ನೋಡಿ, ಮುನ್ನೂರು ವರ್ಷ ಹಳೆಯದು ಅಂದುಕೊಂಡಿದ್ದೆ. ಮೊನ್ನೆ ಭಾನುವಾರ ಪಕ್ಕದ ಮನೆಯ ಅಜ್ಜಿ ಜೊತೆ ಹೋಗಿದ್ದೆ. ಅವರು ಪೂರ್ವ ಬರ್ಲಿನ್‌ನಲ್ಲೇ ಹುಟ್ಟಿ ಬೆಳೆದವರು. "ಈ ಗೋಡೆಗೆ ನಿನ್ನ ಮಗಳಷ್ಟೂ ವಯಸ್ಸಾಗಿಲ್ಲ" ಅಂದರು.

ಹಳೆಯ ಅರಮನೆ 1945ರ ಬಾಂಬ್ ದಾಳಿಯಲ್ಲಿ ಸುಟ್ಟಿತು. ಉಳಿದದ್ದನ್ನು 1950ರಲ್ಲಿ ಪೂರ್ವ ಜರ್ಮನಿಯ ಕಮ್ಯುನಿಸ್ಟ್ ಸರ್ಕಾರ ಸಿಡಿಮದ್ದು ಇಟ್ಟು ಉರುಳಿಸಿತು. 1976ರಲ್ಲಿ ಅದೇ ಜಾಗದಲ್ಲಿ ಆ ಸರ್ಕಾರದ್ದೇ 'ಪಲಾಸ್ಟ್ ಡೆರ್ ರಿಪಬ್ಲಿಕ್', ಅಂದರೆ ಗಣರಾಜ್ಯದ ಅರಮನೆ, ಎದ್ದಿತು. ಒಂದು ಕಡೆ ಸಂಸತ್ತು, ಇನ್ನೊಂದು ಕಡೆ ಹೋಟೆಲು, ನಾಟಕ, ಬೌಲಿಂಗ್. ಒಳಗೆ ಸಾವಿರಾರು ದೀಪ. ನಾಯಕ ಹೊನೆಕರ್ ಹೆಸರು ಹಿಡಿದು ಜನ ಅದನ್ನು 'ಎರಿಕ್‌ನ ದೀಪದಂಗಡಿ' ಅನ್ನುತ್ತಿದ್ದರಂತೆ. ಪಶ್ಚಿಮ ಜರ್ಮನಿಯನ್ನು ಸೇರುವ ತೀರ್ಮಾನವೂ 1990ರ ಆಗಸ್ಟಿನಲ್ಲಿ ಅಲ್ಲೇ ಆಯಿತು. ಮರು ತಿಂಗಳೇ ಕಟ್ಟಡಕ್ಕೆ ಬೀಗ. ಕಾರಣ ಆಸ್ಬೆಸ್ಟಾಸ್, ಉಸಿರಿನ ಜೊತೆ ಒಳಗೆ ಹೋದರೆ ಕ್ಯಾನ್ಸರ್ ತರುವ ನಾರು. 2008ರ ಹೊತ್ತಿಗೆ ಪೂರ್ತಿ ಕೆಡವಿದರು. ಈಗಿರುವುದು ಹುಂಬೋಲ್ಟ್ ಫೋರಂ ಅನ್ನುವ ವಸ್ತುಸಂಗ್ರಹಾಲಯ. ಮೂರು ಕಡೆ ಹಳೆಯ ಅರಮನೆಯ ರೂಪ, ನದಿಯ ಕಡೆ ಮಾತ್ರ ಸಾದಾ ಗೋಡೆ.

ಅಜ್ಜಿ ಅದರ ಸುತ್ತ ನಿಧಾನವಾಗಿ ನಡೆದರು. ಪಕ್ಕದ ದೊಡ್ಡ ಚರ್ಚಿನ ಗುಮ್ಮಟ ನೋಡುವುದು, ನಾಲ್ಕು ಹೆಜ್ಜೆ ಹಿಂದೆ ಸರಿಯುವುದು, ಮತ್ತೆ ನೋಡುವುದು. "ಇಲ್ಲೇ. ಕಿಟಕಿ ಪಕ್ಕದ ಮೇಜು. ನಿಶ್ಚಿತಾರ್ಥದ ದಿನ ಇಲ್ಲೇ ಕೂತು ಕಾಫಿ ಕುಡಿದಿದ್ದೆವು." ನಾನು ಅವರ ಕೈ ಹಿಡಿದುಕೊಂಡೆ. ಆ ಸರ್ಕಾರ ಜನರನ್ನು ಗೋಡೆಯೊಳಗೆ ಕೂಡಿಟ್ಟಿತ್ತು, ನಿಜ. ಅದರ ಮೇಲಿನ ಸಿಟ್ಟಿಗೆ ಈ ಮೇಜೂ ಹೋಗಬೇಕಿತ್ತಾ?

ಆಮೇಲೆ ಚೌಕದ ಆಚೆಗಿನ ಕಟ್ಟಡಕ್ಕೆ ಕರೆದುಕೊಂಡು ಹೋದರು. 1964ರಲ್ಲಿ ಪೂರ್ವ ಜರ್ಮನಿ ತನ್ನ ಆಡಳಿತಕ್ಕೆ ಅಂತ ಕಟ್ಟಿದ್ದು. ಸಾದಾ ಗೋಡೆಯ ನಡುವೆ ಅರಮನೆಯ ಕೆತ್ತನೆಯ ಹೆಬ್ಬಾಗಿಲು! ಅದರ ಮೇಲಿನ ಬಾಲ್ಕನಿಯಿಂದ ಎಡಪಂಥದ ಕ್ರಾಂತಿಕಾರಿ ನಾಯಕ ಕಾರ್ಲ್ ಲೀಬ್‌ಕ್ನೆಕ್ಟ್ 1918ರಲ್ಲಿ ಸಮಾಜವಾದಿ ಗಣರಾಜ್ಯ ಘೋಷಿಸಿದ್ದ ಅನ್ನುವ ಕಾರಣಕ್ಕೆ, ಉಳಿದ ತುಂಡುಗಳನ್ನು ಸೇರಿಸಿ ಇಲ್ಲಿ ಮತ್ತೆ ಕಟ್ಟಿದ್ದಾರೆ. ಹೊಸ ಅರಮನೆಯಲ್ಲೂ ಅದೇ ಬಾಗಿಲಿನ ಇನ್ನೊಂದು ಪ್ರತಿ ಇದೆ.

ಅಜ್ಜಿ ತುಂಬಾ ಹೊತ್ತು ಅದನ್ನೇ ನೋಡಿದರು. "ಅರಮನೆ ಬೀಳಿಸಿದವರು ಅದರ ಒಂದು ಬಾಗಿಲನ್ನಾದರೂ ಇಟ್ಟುಕೊಂಡರು" ಅಂದರು. "ನಮ್ಮದರಲ್ಲಿ ಅದೂ ನಿಲ್ಲಲಿಲ್ಲ."