ಡಬ್ಬದಲ್ಲಿ ಇಲ್ಲದ ಚೀಟಿ

ಗಣಿತದ ಸರ್ ತೀರಿಕೊಂಡ ಸುದ್ದಿ ಕಳೆದ ತಿಂಗಳು ಬಂತು. ಬೆಂಗಳೂರಿನಿಂದ ರಾತ್ರಿ ಬಸ್ ಹತ್ತಿದೆ. ದಾರಿಯುದ್ದಕ್ಕೂ ಕಣ್ಣಮುಂದೆ ಬಂದದ್ದು ಅವರ ಮುಖಕ್ಕಿಂತ ಜಾಸ್ತಿ ಅವರ ತಗಡಿನ ಡಬ್ಬ.

ಅದು 1995. ದಾವಣಗೆರೆ ಜಿಲ್ಲೆಯಾಗಲು ಇನ್ನೂ ಎರಡು ವರ್ಷ ಇತ್ತು. ಪಿಯುಸಿ ಸೈನ್ಸಿನಲ್ಲಿ ನಾವು 60 ಜನ, ಡಬ್ಬದಲ್ಲಿ 60 ಚೀಟಿ. ಸರ್ ದಿನಾ ಕಣ್ಣು ಮುಚ್ಚಿ ಮೂರು ಎತ್ತುತ್ತಿದ್ದರು. ಹೆಸರು ಬಂದವರು ಬೋರ್ಡಿಗೆ ಹೋಗಬೇಕು. ಪೀರಿಯಡ್ ಮುಗಿದರೆ ಚೀಟಿ ಮತ್ತೆ ಡಬ್ಬಕ್ಕೆ.

ನನಗೆ ಲೆಕ್ಕ ಚೆನ್ನಾಗಿಯೇ ಬರುತ್ತಿತ್ತು (ಕ್ಲಾಸಿಗೇ ಹೆಚ್ಚು ಅಂಕ ನನ್ನದು, ಇಲ್ಲಿ ಹೇಳದಿದ್ದರೂ ನಡೆಯುತ್ತಿತ್ತು). ಬೋರ್ಡ್ ಕಂಡರೆ ಮಾತ್ರ ಕೈ ನಡುಗುತ್ತಿತ್ತು. ಡಬ್ಬ ಕಾಯುವ ಲೀಡರ್‌ಗೆ ಒಂದು ಸಂಜೆ ಮಂಡಕ್ಕಿ ಮಿರ್ಚಿ ಕೊಡಿಸಿದೆ. ನನ್ನ ಚೀಟಿ ನನ್ನ ಜೇಬಿಗೆ ಬಂತು.

ಆಮೇಲೆ ಸಂಭವನೀಯತೆ ಪಾಠ ಬಂತು ನೋಡಿ. "ಒಮ್ಮೆಯಾದರೂ ಆಗೋದನ್ನ ಲೆಕ್ಕ ಹಾಕೋದು ಕಷ್ಟ ಅನ್ನಿಸಿದರೆ, ಒಮ್ಮೆಯೂ ಆಗದೇ ಇರೋದನ್ನ ಹಾಕಿ. ಒಂದರಲ್ಲಿ ಅದನ್ನ ಕಳೀರಿ" ಅಂದರು. ಅಂದವರೇ ನನ್ನನ್ನು ಎಬ್ಬಿಸಿದರು. "60 ಕ್ಲಾಸ್ ಆಯ್ತು, ನಿನ್ನ ಹೆಸರೇ ಬಂದಿಲ್ಲವಲ್ಲೋ. ಅದರ ಸಂಭವ ಎಷ್ಟು ಹೇಳು."

ಒಂದು ದಿನ ಬಾರದಿರಲು 60ಕ್ಕೆ 57, ಅಂದರೆ 0.95. ಅದರ 60ನೇ ಘಾತ. ಲಾಗ್ ಟೇಬಲ್ ಬಿಡಿಸಿದೆ. 0.046. ನೂರಕ್ಕೆ ಐದೂ ಇಲ್ಲ! ಬೆವರಿದೆ. ಆದರೂ ಬಾಯಿ ಸುಮ್ನಿರಲಿಲ್ಲ. "ಸರ್, 60 ಜನಕ್ಕೆ ಗುಣಿಸಿದರೆ 2.8 ಬರುತ್ತೆ. ಎರಡು ಮೂರು ಜನ ಹೀಗೆ ಉಳಿಯೋದು ಸಹಜ ಅಲ್ವಾ?"

ಸರ್ ಮುಖ ಅರಳಿತು. "ಭಲೇ" ಅಂದರು. ಡಬ್ಬವನ್ನು ಮೇಜಿನ ಮೇಲೆ ಸುರಿದು ಎಣಿಸಿದರು. 59.

ಬೈಯಲಿಲ್ಲ. ನಾಳೆಗೆ ಚೀಟಿ ಸರಿಯಿರಲಿ ಅಂತ ಲೀಡರ್‌ಗೆ ಹೇಳಿ ಪಾಠ ಮುಂದುವರಿಸಿದರು.

ಇವತ್ತು ನಾನು ವಿಮಾ ಕಂಪನಿಯಲ್ಲಿ ಕೂತು ಇದೇ "ಒಮ್ಮೆಯೂ ಆಗದ" ಲೆಕ್ಕ ಹಾಕಿ ಸಂಬಳ ಎಣಿಸುತ್ತೇನೆ. ಮಗಳು ಕೋಚಿಂಗಿಗೆ ಹೋಗುತ್ತಾಳೆ. ನಾಲ್ಕು ಉತ್ತರದಲ್ಲಿ ಸರಿಯಾದದ್ದಕ್ಕೆ ಥಟ್ಟನೆ ಟಿಕ್ ಹಾಕುತ್ತಾಳೆ. ಒಂದರಲ್ಲಿ ಯಾಕೆ ಕಳೆದೆ ಅಂದರೆ, "ಅದು ಫಾರ್ಮುಲಾ ಅಪ್ಪ" ಅನ್ನುತ್ತಾಳೆ. ಅವಳಿಗೆ ಡಬ್ಬ ಸುರಿದು ತೋರಿಸುವವರು ಯಾರೂ ಸಿಕ್ಕಿಲ್ಲ.

ಆ ಘಟನೆ ಆದಮೇಲೆ ನನ್ನ ಹೆಸರು ಪದೇ ಪದೇ ಬರತೊಡಗಿತ್ತು. ಗ್ರಹಚಾರ ಅಂದುಕೊಂಡಿದ್ದೆ. ಮೊನ್ನೆ ಸರ್ ಮನೆಯ ಜಗಲಿಯಲ್ಲಿ ಲೀಡರ್ ಪಕ್ಕ ಬಂದು ಕೂತ. "ಡಬ್ಬದಲ್ಲಿ 61 ಇದ್ದವು ಕಣೋ" ಅಂದ. "ನಿನ್ನ ಹೆಸರಿಂದು ಎರಡು. ಸರ್ ನನ್ನ ಕೈಲೇ ಬರೆಸಿದ್ದರು."